ಗ್ಯಾನಮ್ಮನ ಸೆರಗಿನ ಗಂಟುಗಳು

ಬಳಗಾನೂರಿಗೆ ಬಂದು ಗ್ಯಾನಮ್ಮನ ಮನೆ ಯಾವುದು ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಕಾಲುವೆ ದಾಟಬೇಕು, ಆದೆಪ್ಪನ ಕಿರಾಣಿ ಅಂಗಡಿ ಬಿಟ್ಟು ಮುಂದೆ ಬರಬೇಕು, ಬೇವಿನ ಗಿಡದ ಹತ್ತಿರ ಒಳಗೆ ತಿರುಗಬೇಕು. ಅಲ್ಲಿಂದ ಮುಂದಕ್ಕೆ ಕಣ್ಣು ಬೇಡ, ಕಿವಿ ಸಾಕು. ರೊಟ್ಟಿ ಬಡಿಯುವ ಸಪ್ಪಳ ಎಲ್ಲಿಂದ ಬರುತ್ತದೋ ಅದೇ ಮನೆ. ಆ ರೊಟ್ಟಿಗಳು ಬೆಳಗಿನ ಟಂಟಂ ಆಟೋ ಹತ್ತಿ ಮಸ್ಕಿಯ ಖಾನಾವಳಿಗೆ ಹೋಗುತ್ತವೆ, ಬಿಳಿ ಬಟ್ಟೆ ಕಟ್ಟಿದ ಬುಟ್ಟಿಯೊಳಗೆ. ಎಂಥ ರೊಟ್ಟಿ ಅಂತೀರಿ, ಎತ್ತಿ ಹಿಡಿದರೆ ಆಚೆ ಕಡೆಯ ಬೆಳಕು ಕಾಣಬೇಕು. ಅದಿರಲಿ. ಜನ ಆ ಮನೆಗೆ ಬರುವುದು ರೊಟ್ಟಿಗಲ್ಲ.

ಪ್ರಾರ್ಥನೆಗೆ ಬರುತ್ತಾರೆ. ಕ್ರೈಸ್ತ ಸಭೆಯವರು ಬರುತ್ತಾರೆ, ಏಸಪ್ಪನ ಹೆಸರು ಎಂದೂ ಹೇಳದವರೂ ಬರುತ್ತಾರೆ. ಒಬ್ಬರ ಎಮ್ಮೆ ಗಬ್ಬ ನಿಲ್ಲುತ್ತಿರುವುದಿಲ್ಲ, ಇನ್ನೊಬ್ಬರ ಮಗಳನ್ನು ನೋಡಿಹೋದ ಗಂಡಿನವರು ಬಾಯಿ ಬಿಡುತ್ತಿರುವುದಿಲ್ಲ, ಮತ್ತೊಬ್ಬರ ಅಳಿಯ ಕುಡಿಯುತ್ತಿರುತ್ತಾನೆ. ಅಂಗಡಿಯ ಆದೆಪ್ಪ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಂದು ಕಟ್ಟೆಯ ಕೆಳಗೆ ನಿಂತು, ತನ್ನ ಸೊಂಟದ ನೋವನ್ನು ನಿಮ್ಮ ದೇವರ ಕಿವಿಗೂ ಒಂದಿಷ್ಟು ಹಾಕಿಬಿಡು ಎಂದು ಹೇಳಿ ಹೋಗುತ್ತಾನೆ. ಸಿಂಧನೂರಿನಲ್ಲಿರುವ ಅವಳ ಅಕ್ಕನ ಮಕ್ಕಳಂತೂ ಮಗ ಪ್ರಭುದಾಸನ ಫೋನಿಗೆ ವಾಟ್ಸಾಪಿನಲ್ಲಿ ಮಾತು ತುಂಬಿ ಕಳಿಸುತ್ತಾರೆ. ಅವನು ಹಚ್ಚಿ ಕೇಳಿಸುತ್ತಾನೆ, ಇವಳು ಹಿಟ್ಟಿನ ಕೈಯಲ್ಲೇ ಆಯಿತು ಎಂದು ತಲೆ ಆಡಿಸುತ್ತಾಳೆ.

ಗ್ಯಾನಮ್ಮನಿಗೆ ಓದು ಬರಹ ಬರುವುದಿಲ್ಲ. ಇಷ್ಟು ಮಾತು ನೆನಪಿಡುವುದು ಹೇಗೆ? ಅದಕ್ಕೇ ಗಂಟು. ಗೋಡೆಯ ಮೊಳೆಗೆ ಅವಳ ತಾಯಿ ಸುವಾರ್ತಮ್ಮನ ಹಳೆಯ ಇಲಕಲ್ ಸೀರೆ ನೇತಾಡುತ್ತಿರುತ್ತದೆ. ಒಡಲೆಲ್ಲ ಹರಿದುಹೋಗಿ ಸೆರಗಿನ ಕಡೆಯ ಅರ್ಧ ಮಾತ್ರ ಉಳಿದಿದೆ. ಪ್ರಾರ್ಥನೆಗೆ ಕುಳಿತಾಗ ತಲೆಗೆ ಹೊದೆಯುವುದು ಅದನ್ನೇ. ಯಾರಾದರೂ ಬಂದು ತಮ್ಮ ಕಷ್ಟ ಹೇಳಿ ಹೋದರು ಅನ್ನಿ, ಅವರು ಬಾಗಿಲು ದಾಟಿದ ಮೇಲೆ ಆ ಸೆರಗಿನ ಮೂಲೆಯ ಚುಂಗು ಹಿಡಿದು ಒಂದು ಗಂಟು ಹಾಕುತ್ತಾಳೆ. ಎಮ್ಮೆ ಆಕಳಿಗೆ ದಪ್ಪ ಗಂಟು, ಮಕ್ಕಳ ಜ್ವರಕ್ಕೆ ಸಣ್ಣ ಗಂಟು, ಮದುವೆಗೆ ಜೋಡಿ ಗಂಟು. ಕೆಲಸ ಆಯಿತು ಎಂಬ ಸುದ್ದಿ ಬಂದ ದಿನ ಬಿಚ್ಚುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯವರ ಕರು ಮೇಲೇಳಲಾರದೆ ಮಲಗಿತ್ತಂತೆ. ಮರೆಯಬಾರದೆಂದು ಅಂದು ಉಟ್ಟ ಸೀರೆಯ ಸೆರಗಿಗೆ ಹಾಕಿದ್ದು ಮೊದಲನೆಯ ಗಂಟು. ಕರು ಎದ್ದು ಕೊಟ್ಟಿಗೆಯ ಗೂಟ ಕಿತ್ತುಕೊಂಡು ಓಡಿತು. ಅಲ್ಲಿಂದ ಜನ ಇವಳನ್ನು ಬಿಡಲಿಲ್ಲ. ಈ ಗಂಟಿನ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಹೆಣ್ಣುಮಕ್ಕಳ ಸೆರಗಿನಲ್ಲಿ ಗಂಟು ಇರುವುದು ಏನು ದೊಡ್ಡ ಮಾತು? ಎಲೆ ಅಡಿಕೆ ಇರುತ್ತದೆ, ಚಿಲ್ಲರೆ ಇರುತ್ತದೆ, ಕೀಲಿಕೈ ಇರುತ್ತದೆ.

ಕೋಳಿ ಕೂಗುವಾಗ ಎದ್ದು ರೊಟ್ಟಿ ಮಾಡಿ, ಬುಟ್ಟಿ ತುಂಬಿ, ಹಿಟ್ಟಿನ ಕೈ ತೊಳೆದು ಅವಳು ಪ್ರಾರ್ಥನೆಗೆ ಕೂರುತ್ತಿದ್ದಳು. ಟಂಟಂ ಬರುವ ತನಕ ಸಿಗುವ ಹೊತ್ತು ಅಷ್ಟೇ. ಮೊದಲಿಗೆ “ಸ್ತೋತ್ರ ಕರ್ತನೇ” ಎಂಬ ಮಾತು ಬರುತ್ತಿತ್ತು, ಇಲ್ಲವೆಂದಲ್ಲ. ಆದರೆ ಅದು ಬಾಗಿಲ ಚಿಲಕ ಬಡಿದ ಹಾಗೆ. ಒಳಗೆ ಹೋಗುವ ಅವಸರದಲ್ಲಿ ಚಿಲಕವನ್ನು ಯಾರು ನಿಂತು ನೋಡುತ್ತಾರೆ? ಬೆರಳು ಆಗಲೇ ಮೊದಲ ಗಂಟಿನ ಮೇಲೆ ಇರುತ್ತಿತ್ತು. ಎಮ್ಮೆ, ಸೊಂಟ, ಅಳಿಯ, ಪರೀಕ್ಷೆ, ಎಮ್ಮೆ. ಕೊನೆಯ ಗಂಟಿಗೆ ಬರುವಷ್ಟರಲ್ಲಿ ಹೊರಗೆ ಹಾರ್ನ್ ಕೇಳುತ್ತಿತ್ತು. ಸೆರಗು ತೆಗೆದು ಮೊಳೆಗೆ ಹಾಕಿ ಬುಟ್ಟಿ ಎತ್ತುತ್ತಿದ್ದಳು. ಎತ್ತುವಾಗ ಪ್ರತಿ ದಿನವೂ ಎದೆಯಲ್ಲಿ ಏನೋ ಒಂದು ಬಿಟ್ಟುಹೋಯಿತು ಅನಿಸುತ್ತಿತ್ತು. ಯಾರದೋ ಮನೆಗೆ ಹೋಗಿ, ಬೇಕಾದ್ದನ್ನೆಲ್ಲ ಹೇಳಿ, ಆ ಮನೆಯವನ ಮುಖ ನೋಡದೆ ಬಂದಂತೆ.

ಆ ಮುಖದ ಆಸೆ ಅವಳಿಗೆ ಹತ್ತಿದ್ದು ತಾಯಿಯಿಂದ. ಈಗ ಸುವಾರ್ತಮ್ಮನ ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಸುವಾರ್ತಮ್ಮ ನೆಲ್ಲು ನಾಟಿಯ ಹೆಣ್ಣುಮಗಳು. ಕಾಲುವೆಗೆ ನೀರು ಬಿಟ್ಟರೆ ಸಾಕು, ಮೊಣಕಾಲ ಮಟ ಕೆಸರು, ಬಗ್ಗಿದ ಬೆನ್ನು. ನಾಟಿ ಮಾಡುವುದನ್ನು ನೋಡಿದ್ದೀರಲ್ಲ, ಹಿಂದೆ ಹಿಂದೆ ಸರಿಯುತ್ತ ಹೋಗುತ್ತಾರೆ. ಹಚ್ಚಿದ ಸಸಿಯೆಲ್ಲ ಕಣ್ಣ ಮುಂದೆಯೇ ಇರುತ್ತದೆ. ಉಳಿದ ಹೆಂಗಸರು ಎಷ್ಟು ಹಚ್ಚುವುದು ಬಾಕಿ ಇದೆ ಎಂದು ಬೆನ್ನ ಹಿಂದೆ ತಿರುತಿರುಗಿ ನೋಡಿದರೆ, ಇವಳು ಮುಂದಿನ ಹಸಿರು ನೋಡಿಕೊಂಡು ತನ್ನಷ್ಟಕ್ಕೆ ಗುನುಗುತ್ತಿದ್ದಳು. ಸಂಜೆ ಕೈಕಾಲು ತೊಳೆದು, ಇದೇ ಇಲಕಲ್ ಸೀರೆಯ ಸೆರಗು ತಲೆಗೆ ಎಳೆದುಕೊಂಡು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಕೈ ಮಡಿಲಲ್ಲಿ, ಬಿಚ್ಚಿದ ಅಂಗೈ ಮೇಲಕ್ಕೆ. ಹಾಡು ಒಂದಿಷ್ಟು, ಮಾತು ಒಂದಿಷ್ಟು, ಹೆಚ್ಚಿನದೆಲ್ಲ ಸುಮ್ಮನೆ. ಮಲಗಿದ ಕೂಸನ್ನು ನೋಡುವವರ ಮುಖ ಹೇಗಿರುತ್ತದೆ, ಹಾಗಿರುತ್ತಿತ್ತು ಅವಳ ಮುಖ.

ಗ್ಯಾನಮ್ಮ ಆಗ ಲಂಗ ಉಡುವ ಹುಡುಗಿ. ಒಂದು ಸಂಜೆ ಆ ಸೆರಗಿನ ಕೆಳಗೆ ನುಸುಳಿ ತಾಯಿಯ ತೊಡೆಯ ಮೇಲೆ ಕುಳಿತಳು. ಕೆಸರಿನ ವಾಸನೆ, ಗಂಜಿಯ ವಾಸನೆ, ತಾಯಿಯ ಉಸಿರು. ಅಷ್ಟೇ ಅಲ್ಲ, ಆ ಸೆರಗಿನ ಕೆಳಗೆ ತಾವಿಬ್ಬರನ್ನು ಬಿಟ್ಟು ಮತ್ತೊಬ್ಬರು ಯಾರೋ ಇದ್ದಾರೆ ಅನಿಸಿತು. ಹೆದರಿಕೆ ಆಗಲಿಲ್ಲ. ಎದ್ದು ಹೋಗುವ ಮನಸ್ಸೂ ಆಗಲಿಲ್ಲ. ತಾಯಿ ಸೆರಗು ಸರಿಸಿದ ಮೇಲೆ ಹುಡುಗಿ ಕೇಳಿದಳು:

“ಏನ್ ಕೇಳಿದೆಬೇ ಯವ್ವಾ?”

“ಏನ್ ಕೇಳ್ಲಿಬೇ. ಸುಮ್ಮ ಅವನ್ನ ನೋಡಿ ಬಂದೆ.”

ಆ ಮಾತು ಹುಡುಗಿಯ ಎದೆಯಲ್ಲಿ ಬೇರು ಬಿಟ್ಟಿತು. ಆಮೇಲೆ ಮದುವೆ, ಮಕ್ಕಳು, ಕೂಲಿ, ಗಂಡನ ಸಾವು, ಗಂಟುಗಳು. ಸುವಾರ್ತಮ್ಮ ಹಾಸಿಗೆ ಹಿಡಿದಾಗ ಗ್ಯಾನಮ್ಮ ತಲೆದಿಂಬಿನ ಹತ್ತಿರ ಕುಳಿತು ಉಳಿಸು ಉಳಿಸು ಎಂದು ಕೇಳಿಕೊಂಡಳು. ತಾಯಿ ಅವಳ ಕೈ ಹಿಡಿದು, ಕೇಳಿದ್ದು ಸಾಕು, ಈಗ ಒಂದಿಷ್ಟು ಅವನನ್ನು ಹಾಡು ಎಂದಳು. ಗ್ಯಾನಮ್ಮ ಬಾಯಿ ತೆರೆದಳು. ಬಂದದ್ದು ಮತ್ತೆ ಉಳಿಸಪ್ಪಾ ಎಂಬ ಮಾತೇ. ತಾಯಿ ಬೈಯಲಿಲ್ಲ, ಮಗಳ ತಲೆಯ ಮೇಲೆ ಕೈ ಇಟ್ಟಳು. ಉಸಿರು ನಿಂತ ಮೇಲೆ ಆ ಕೈ ಎತ್ತಿದ್ದು ಬೇರೆಯವರು.

ಅಂದಿನಿಂದ ಗ್ಯಾನಮ್ಮನಿಗೆ ತನಗಾಗಿ ಬೇಕು ಅನ್ನುವುದು ಒಂದೇ ಉಳಿದಿತ್ತು. ಒಮ್ಮೆ, ಒಂದೇ ಒಮ್ಮೆ, ತಾಯಿ ಕುಳಿತಂತೆ ಕೂರಬೇಕು. ಏನೂ ಬೇಡದೆ ಅವನನ್ನು ನೋಡಿ ಬರಬೇಕು. ಇದಕ್ಕೂ ಒಂದು ಗಂಟು ಹಾಕೋಣವೆಂದು ಚುಂಗು ಹಿಡಿದಿದ್ದಳಂತೆ, ಆಮೇಲೆ ತನಗೇ ನಗು ಬಂದು ಬಿಟ್ಟಳು. ಕೇಳದೆ ಇರುವುದನ್ನೂ ಕೇಳಿ ಪಡೆಯುವುದೇ?

ಹೀಗಿರುವಾಗ ಸಭೆಗೆ ಹೊಸ ಪಾಸ್ಟರ್ ಅಯ್ಯನವರು ಬಂದರು. ಎಳೆಯ ವಯಸ್ಸು, ಮಸ್ಕಿಯಲ್ಲಿ ಮನೆ, ಮೋಟಾರ್ ಸೈಕಲ್ಲಿನ ಹಿಂದೆ ತಬಲಾ ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಒಂದು ಭಾನುವಾರ ಅವರು ಹೇಳಿದ್ದು ಇಷ್ಟು: ಕರ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಅನ್ನದ ಮಾತು ಬರುತ್ತದೆ ನಿಜ, ಆದರೆ ಅದಕ್ಕೆ ಮೊದಲು ತಂದೆಯ ಹೆಸರಿನ ಮಾತು, ಅವನ ರಾಜ್ಯದ ಮಾತು, ಅವನ ಮನಸ್ಸಿನ ಮಾತು ಬರುತ್ತದೆ, ನಾವು ಮಾತ್ರ ಕೈ ತೊಳೆಯದೆಯೇ ಅನ್ನಕ್ಕೆ ಕೂರುತ್ತೇವೆ. ಕೇಳುವುದು ತಪ್ಪಲ್ಲ, ಮಕ್ಕಳು ಅಪ್ಪನನ್ನು ಕೇಳದೆ ಇನ್ನಾರನ್ನು ಕೇಳಬೇಕು? ಆದರೆ ಕೇಳುವುದಕ್ಕೆ ಮಾತ್ರ ಅಪ್ಪನ ಹತ್ತಿರ ಬರುವ ಮಕ್ಕಳಿದ್ದರೆ ಆ ಅಪ್ಪನಿಗೆ ಹೇಗಾಗಬೇಡ?

ಗ್ಯಾನಮ್ಮ ಹಿಂದಿನ ಚಾಪೆಯಲ್ಲಿ ಕುಳಿತು, ತಲೆಗೆ ಹೊದ್ದ ಸೆರಗಿನ ಗಂಟುಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

ಸಭೆ ಮುಗಿದ ಮೇಲೆ ಅಯ್ಯನವರು ಇವಳ ಹತ್ತಿರವೇ ಬಂದರು. ಸುಗ್ಗಿ ಮುಗಿಯುತ್ತಲೇ ಲಿಂಗಸುಗೂರಿನಲ್ಲಿ ಕೊಯ್ಲಿನ ಸ್ತೋತ್ರಕೂಟ, ಸುತ್ತಲಿನ ಸಭೆಗಳೆಲ್ಲ ಸೇರುತ್ತವೆ, ಈ ಸಲ ಶುರುವಿನಲ್ಲಿ ಬರೀ ಆರಾಧನೆ ಇಟ್ಟುಕೊಂಡಿದ್ದೇವೆ, ಮುಂದೆ ನಿಂತು ನಡೆಸಬೇಕಾದವರು ನೀವು ಎಂದರು.

“ಒಂದ್ ಮಾತು ನೆನಪಿಡ್ರೆವ್ವಾ,” ಎಂದೂ ಹೇಳಿದರು. “ಒಂದೂ ಬೇಡಿಕಿ ಇರಬಾರ್ದು. ಯಾರಿಗೂ, ಯಾತಕ್ಕೂ. ನೀವು ಪ್ರಾರ್ಥನಾದಾಗ ಹಳಬರು ಅದೀರಿ, ನಿಮಗೇನ್ ಕಷ್ಟ.”

ಏನು ಕಷ್ಟವೆಂದು ಅವರಿಗೆ ಹೇಗೆ ತಿಳಿಯಬೇಕು? ಗ್ಯಾನಮ್ಮ ಆಗಲಿ ಅಂದಳು. ಬೇಡ ಅನ್ನಲು ಮನಸ್ಸೇ ಬರಲಿಲ್ಲ. ಇಷ್ಟು ವರ್ಷ ಬಯಸಿದ್ದು ತಾನಾಗಿ ಬಾಗಿಲಿಗೆ ಬಂದು ಕರೆದ ಹಾಗಾಗಿತ್ತು.

ಅಭ್ಯಾಸ ಶುರುವಾಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಬಾಯಲ್ಲಿ ಹೇಳಿಕೊಳ್ಳುವುದು. ಒಲೆಯ ಆಚೆ ಬದಿಗೆ ಸೊಸೆ ದೀಪಾ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಕುಳಿತಿರುತ್ತಿದ್ದಳು. ದೀಪಾ ಗುರುಗುಂಟಾದ ಹುಡುಗಿ, ಇದೇ ವರ್ಷ ಗಂಡನ ಮನೆಗೆ ನಡೆಯಲು ಬಂದವಳು. ಒಣ ಬೇಸಾಯದ ಊರವಳಲ್ಲವೇ, ಕೊಡ ಹಿಡಿದು ಸಾಲಿನಲ್ಲಿ ನಿಂತು ಬೆಳೆದವಳು. ಊರ ಮುಂದೆಯೇ ಕಾಲುವೆ ಹರಿಯುವುದು ಕಂಡು ಅವಳಿಗೆ ಒಗೆಯುವ ಹುಚ್ಚೇ ಹಿಡಿದಿತ್ತು. ಕೌದಿ ಒಗೆದಳು, ಚೀಲ ಒಗೆದಳು, ಗಂಡನ ಲುಂಗಿಯನ್ನು ಅವನು ಉಟ್ಟಿರುವಾಗಲೇ ಬಿಚ್ಚಿಕೊಡು ಎಂದು ಕೇಳಿ ಬೈಸಿಕೊಂಡಳು. ನಗುಮುಖದ ಹುಡುಗಿ. ಅತ್ತೆಯ ಮೇಲೆ ಪ್ರಾಣ.

“ನೀ ದೊಡ್ಡಾಂವ ಅದೀ ಕರ್ತನೇ,” ಎಂದು ಗ್ಯಾನಮ್ಮ ಶುರು ಮಾಡುತ್ತಿದ್ದಳು. “ಆಕಾಶ ಮಾಡ್ದಾಂವ ನೀನ, ನೆಲ ಮಾಡ್ದಾಂವ ನೀನ. ನೀನ ಮಾಡಿದ ಆದೆಪ್ಪನ ಸೊಂಟಾ ಒಂದೀಟು...”

“ಅತ್ತೀ, ಕೇಳಿದ್ರಿ.”

“ಇಲ್ಲಬೇ. ಇನ್ನಾ ಹೊಂಟಿದ್ದೆ.”

ಮತ್ತೆ ಮೊದಲಿನಿಂದ. ನೀನು ಕರುಣೆಯುಳ್ಳವನು ಎಂದರೆ ಅದರ ಬಾಲಕ್ಕೆ ಅಳಿಯನ ಕುಡಿತ ಕಟ್ಟಿಕೊಂಡು ಬರುತ್ತಿತ್ತು. ನೀನು ಜ್ಞಾನಿ ಎಂದರೆ ಸಿಂಧನೂರಿನ ಹುಡುಗನ ಪರೀಕ್ಷೆ. ಎಮ್ಮೆ ಎಲ್ಲಿ ಹೋದರೂ ಬರುತ್ತಿತ್ತು. ದೀಪಾ ನಕ್ಕೂ ನಕ್ಕೂ ರೊಟ್ಟಿ ಸೀಯಿಸುತ್ತಿದ್ದಳು. ಗ್ಯಾನಮ್ಮನೂ ನಗುತ್ತಿದ್ದಳು, ಆದರೆ ಒಳಗೆ ಉರಿಯುತ್ತಿತ್ತು. ಬಾಯಿ ತೆರೆದರೆ ಕೊಡು ಎಂಬುದೊಂದೇ ದಾರಿ ಗೊತ್ತಿತ್ತು ಅದಕ್ಕೆ; ಬೇರೆ ದಾರಿಗಳಲ್ಲಿ ಹುಲ್ಲು ಬೆಳೆದಿತ್ತು.

ಆ ದಿನಗಳಲ್ಲೇ ಹಸೀನಾಬೀ ಬಂದಳು. ಹಸೀನಾಬೀ ಮಸ್ಕಿಯವಳು, ಬಳೆ ಮಾರುತ್ತ ಊರೂರು ತಿರುಗಿದ ಮುದುಕಿ. ಹುಡುಗಿಯಾಗಿದ್ದಾಗ ಸುವಾರ್ತಮ್ಮನ ಪಕ್ಕದ ಸಾಲಿನಲ್ಲಿ ನಾಟಿ ಮಾಡಿದವಳು. ಈಗ ಬಳೆಯ ಬುಟ್ಟಿ ಇಳಿಸಿ ಮಗನ ಮನೆಯಲ್ಲಿ ಕುಳಿತಿದ್ದಳು. ಅಂದು ಬುಟ್ಟಿಯಿಲ್ಲದೆ, ಬರಿಗೈಯಲ್ಲಿ ಬಸ್ಸು ಹಿಡಿದು ಬಂದು ಕಟ್ಟೆಯ ಮೇಲೆ ಕುಳಿತು ಉಸಿರು ಬಿಟ್ಟಳು. ಗ್ಯಾನಮ್ಮ ಒಲೆಯ ಮುಂದಿನಿಂದ ಕತ್ತು ಹೊರಳಿಸಿ ಕೇಳಿದಳು:

“ಬಾ ಹಸೀನಾಬೀ. ಏನ್ ಬೇಕಾಗಿತ್ತು?”

ಆ ಮುದುಕಿಯ ಮುಖ ಸಣ್ಣದಾಯಿತು.

“ಏನೂ ಬೇಕಾಗಿಲ್ಲವ್ವಾ,” ಎಂದಳು. “ಸುವಾರ್ತಕ್ಕನ ಮಗಳನ್ನ ನೋಡಿ ಭಾಳ ದಿನ ಆಗಿತ್ತು. ನೋಡಾಕ ಬಂದೆ. ನೀ ಏನ್, ಅಂಗಡ್ಯಾಗ ಕುಂತಾಂವ ಕೇಳ್ದಂಗ ಕೇಳಾಕತ್ತೀ.”

ಗ್ಯಾನಮ್ಮನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೈಯಲ್ಲೇ ಉಳಿಯಿತು. ಎದ್ದು ಬಂದು ಹತ್ತಿರ ಕುಳಿತಳು, ಚಹಾ ಮಾಡಿಸಿದಳು, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು, ಹೇಗೇಗೋ ಸಮಾಧಾನ ಮಾಡಿದಳು. ಹಸೀನಾಬೀ ಸಿಟ್ಟು ಇಟ್ಟುಕೊಳ್ಳುವವಳಲ್ಲ. ಸುವಾರ್ತಮ್ಮನ ಸುದ್ದಿ ತೆಗೆದು ನಕ್ಕಳು, ಹನಿಗಣ್ಣು ಒರೆಸಿಕೊಂಡಳು, ಸಂಜೆಯ ಬಸ್ಸಿಗೆ ಹೋದಳು. ಆದರೆ ಅವಳ ಆ ಸಣ್ಣದಾದ ಮುಖ ಗ್ಯಾನಮ್ಮನ ಕಣ್ಣಿನಿಂದ ಹೋಗಲಿಲ್ಲ. ಬರೀ ನೋಡಲು ಬರುವವರೂ ಇರುತ್ತಾರೆ ಎಂಬುದೇ ತನಗೆ ಮರೆತುಹೋಗಿದೆ. ತನ್ನ ಆಸೆಯೂ ಅದೇ ಅಲ್ಲವೇ! ಮೇಲಿರುವವನ ಮುಖವೂ ದಿನಾ ಬೆಳಿಗ್ಗೆ, ತನ್ನ ಬೆರಳು ಮೊದಲ ಗಂಟು ಮುಟ್ಟುತ್ತಲೇ, ಹೀಗೇ ಸಣ್ಣದಾಗುತ್ತಿತ್ತೋ ಏನೋ.

ಕೂಟಕ್ಕೆ ಹೋಗುವ ಹಿಂದಿನ ದಿನ ಗ್ಯಾನಮ್ಮ ಮಸ್ಕಿಗೆ ಹೋಗಿದ್ದಳು, ಖಾನಾವಳಿಯವರಿಗೆ ನಾಳೆ ರೊಟ್ಟಿ ಇಲ್ಲವೆಂದು ಹೇಳಿ ಬರಲು. ತಿರುಗಿ ಬಂದಾಗ ಅಂಗಳದ ಹಗ್ಗದ ಮೇಲೆ ತಾಯಿಯ ಸೀರೆ ಒಣಗುತ್ತಿತ್ತು. ಕಾಲುವೆಯ ನೀರಿನಲ್ಲಿ ಒಗೆದು, ಗಂಜಿ ಹಾಕಿ, ಒಂದು ಸುಕ್ಕೂ ಇಲ್ಲದಂತೆ ಎಳೆದು ಹರವಿದ್ದಳು ದೀಪಾ. ಸೆರಗಿನ ಕೆಂಪು, ಅದರ ತುದಿಯ ಹಲ್ಲಿನಂಥ ಬಿಳಿ ಗೆರೆಗಳು, ಹೊಸದರ ಹಾಗೆ ಬಿಸಿಲಿಗೆ ಹೊಳೆಯುತ್ತಿದ್ದವು. ಚುಂಗುಗಳು ಗಾಳಿಗೆ ಹಾರಾಡುತ್ತಿದ್ದವು. ಎರಡೂ ಬೋಳು.

“ಗಂಟು?” ಎಂದಳು ಗ್ಯಾನಮ್ಮ.

“ಬಿಚ್ಚಿದೇನ್ರಿ ಅತ್ತೀ,” ಎಂದಳು ದೀಪಾ ಹಿಗ್ಗಿನಿಂದ. “ನಾಳಿ ಅಷ್ಟ್ ಮಂದಿ ಮುಂದ ನಿಂದರ್ತೀರಿ, ಚಂದ ಕಾಣಬೇಕಲ್ರಿ. ರೊಕ್ಕ ಗಿಕ್ಕ ಇದ್ದೀತು ಅಂತ ಒಂದೊಂದಾ ಬಿಚ್ಚಿ ನೋಡಿದೆ. ಒಂದರಾಗೂ ಏನೂ ಇರ್ಲಿಲ್ರಿ. ಎಲ್ಲಾ ಖಾಲಿ ಗಂಟು.”

ಗ್ಯಾನಮ್ಮ ಹಾಗೆಯೇ ಅಂಗಳದಲ್ಲಿ ಕುಳಿತುಬಿಟ್ಟಳು. ಅಷ್ಟು ಜನ ನಂಬಿ ಕೊಟ್ಟು ಹೋದ ಮಾತು. ಯಾವುದು ಆಗಿತ್ತು, ಯಾವುದು ಬಾಕಿ ಇತ್ತು? ಯಾರ ಮಗುವಿಗೆ ಜ್ವರ? ಎಮ್ಮೆ ಒಂದೋ ಎರಡೋ? ಬೆರಳಿಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ. ಕೊನೆಗೆ ಕಣ್ಣೀರು ಒರೆಸುತ್ತ ಆ ಗಂಟುಗಳು ಏನೆಂದು ಸೊಸೆಗೆ ಹೇಳಿದಳು, ಹುಟ್ಟಿದ ಮೇಲೆ ಮೊದಲ ಸಲ ಒಬ್ಬರಿಗೆ. ದೀಪಾಳ ಮುಖ ಬಿಳುಪೇರಿತು. ಅತ್ತೆಯ ಕಾಲು ಹಿಡಿದು ಅತ್ತಳು. ಅತ್ತು ಅತ್ತು ಸುಮ್ಮನಾದ ಮೇಲೆ, ತಲೆ ಎತ್ತದೆ ಮೆಲ್ಲಗೆ ಕೇಳಿದಳು:

“ಅತ್ತೀ, ನೀವು ಇಷ್ಟ್ ದಿನಾ ದಿನಾ ಹೇಳೀರಿ. ದೇವ್ರಿಗಿ ನೆನಪಿರಂಗಿಲ್ಲೇನ್ರಿ?”

ಗ್ಯಾನಮ್ಮ ಆ ಹುಡುಗಿಯ ಮುಖ ನೋಡಿದಳು. ಎದ್ದು ಸೀರೆ ಮಡಿಸಿದಳು.

ಮರುದಿನ ಬೆಳಿಗ್ಗೆ ರೊಟ್ಟಿ ಇರಲಿಲ್ಲ. ಒಲೆ ತಣ್ಣಗಿತ್ತು. ಗ್ಯಾನಮ್ಮ ಸೆರಗು ಹೊದ್ದು ಕುಳಿತಳು, ಸ್ತೋತ್ರ ಕರ್ತನೇ ಎಂದಳು, ಬೆರಳು ತಾನಾಗಿ ಚುಂಗಿಗೆ ಹೋಯಿತು. ಜಾರಿತು. ಬಟ್ಟೆಯ ನುಣುಪಿನ ಮೇಲೆ ಬೆರಳು ಹಿಂದೆ ಮುಂದೆ ಹುಡುಕಾಡಿತು, ಹಲ್ಲು ಬಿದ್ದ ಬಾಯಲ್ಲಿ ನಾಲಿಗೆ ಹುಡುಕುವ ಹಾಗೆ. ಹಿಡಿಯಲು ಏನೂ ಇಲ್ಲ, ಹೇಳಲು ಏನೂ ಇಲ್ಲ. ಅವಳಿಗೆ ಹೆದರಿಕೆಯಾಯಿತು. ಕೇಳುವುದು ನಿಂತರೆ ತಾನು ಯಾರು, ಅವನು ಯಾರು? ಬೇಡಿಕೆಗಳ ಹಿಂದೆ ನಿಂತು ಮಾತಾಡುತ್ತಿದ್ದವಳು ಈಗ ಎದುರಿಗೆ ಒಬ್ಬಳೇ ಸಿಕ್ಕಿಬಿದ್ದಿದ್ದಳು.

ಹಾಗೆಯೇ ಕುಳಿತಳು. ಗಂಜಿಯ ವಾಸನೆ ಬಂತು, ಅದರೊಳಗೆ ಕಾಲುವೆ ನೀರಿನ ವಾಸನೆ. ಲಂಗದ ಹುಡುಗಿ ನುಸುಳಿ ಕುಳಿತ ಸಂಜೆಯದೇ ವಾಸನೆ. ಯವ್ವಾ ಎಂದು ಕರೆಯಬೇಕು ಅನಿಸಿತು, ಅಪ್ಪಾ ಎಂಬ ಮಾತು ಬಂತು. ಅದರ ಮುಂದೆ ಏನೂ ಬರಲಿಲ್ಲ. ಅಂದಿನ ಆ ಮತ್ತೊಬ್ಬರು ಈಗ ಈ ಸೆರಗಿನ ಕೆಳಗೆ ಇದ್ದಾರೋ ಇಲ್ಲವೋ ತಿಳಿಯಲಿಲ್ಲ. ಇರಲಿ ಎಂಬ ಆಸೆ ಮಾತ್ರ ಎದೆ ಒಡೆಯುವಷ್ಟು ತುಂಬಿಕೊಂಡಿತು. ಅಷ್ಟರಲ್ಲಿ ಸಭೆಯವರು ಹೊರಗೆ ಕೂಗಿದರು, ಟಂಟಂ ಬಂದಿತ್ತು.

ಲಿಂಗಸುಗೂರಿನ ಕೂಟದ ಮಾತು ಏನು ಹೇಳುವುದು. ಶಾಮಿಯಾನದ ತುಂಬ ಜನ. ಮುಂದೆ ಮೇಜಿನ ಸುತ್ತ ಜನ ತಂದಿಟ್ಟ ಕಾಣಿಕೆ: ನೆಲ್ಲಿನ ಚೀಲ, ಜೋಳದ ತೆನೆ, ತೊಗರಿ, ಕುಂಬಳಕಾಯಿ, ಕಾಲು ಕಟ್ಟಿದ ಹುಂಜಗಳು. ಕೂಟ ಮುಗಿದ ಮೇಲೆ ಅದೆಲ್ಲ ಹರಾಜಾಗುತ್ತದೆ. ಕುಂಬಳಕಾಯಿಗೆ ಹಟ ಹಿಡಿದು ಕೂಗುವವರನ್ನು ನೋಡುವುದೇ ಒಂದು ಚಂದ. ಹಾಡು ಆಯಿತು, ತಬಲಾ ನಿಂತಿತು, ಅಯ್ಯನವರು ಗ್ಯಾನಮ್ಮನ ಹೆಸರು ಕರೆದರು.

ಅವಳು ಎದ್ದು ಹೋಗಿ ಮೈಕಿನ ಮುಂದೆ ನಿಂತಳು. ಸಾಲಿನಲ್ಲಿ ಕುಳಿತವರಲ್ಲಿ ತನಗೆ ಕಷ್ಟ ಹೇಳಿಕೊಂಡವರ ಮುಖಗಳು ಕಂಡವು. ಇವರೆಲ್ಲರ ಗಂಟು ಕಳೆದುಕೊಂಡು ಬಂದು ನಿಂತಿದ್ದೇನೆ ಅನಿಸಿತು. ಕೈ ಚುಂಗು ಹಿಡಿಯಿತು. ಬೋಳು ಚುಂಗು. ಕಣ್ಣು ಮುಚ್ಚಿದಳು. ಜನ ಕಾದರು. ಯಾರೋ ಕೆಮ್ಮಿದರು. ಮೈಕು ಕುಯ್ಯೆಂದಿತು.

“ಅಪ್ಪಾ,” ಎಂದಳು ಗ್ಯಾನಮ್ಮ. “ನಾ ಬಳಗಾನೂರಿನ ಗ್ಯಾನವ್ವ. ಇವತ್ತ ಏನೂ ಕೇಳಾಕ ಬಂದಿಲ್ಲ. ಸುಮ್ಮ ನಿನ್ನ ನೋಡಾಕ ಬಂದೀನಿ.”

ಆಮೇಲೆ ಬಂದ ಮಾತು ಪ್ರಾರ್ಥನೆಯ ಧಾಟಿಯಲ್ಲಿ ಇರಲಿಲ್ಲ, ಕಟ್ಟೆಯ ಮೇಲೆ ಕುಳಿತು ಆಡುವ ಮಾತಿನ ಹಾಗಿತ್ತು.

“ಕೆಸರಾಗ ನಮ್ಮವ್ವನ ಹೆಜ್ಜಿ ನೋಡ್ದಾಂವ ನೀ. ನಾವು ಸಸಿ ಹಚ್ಚಿ ಮನಿಗಿ ಹೊಕ್ಕೀವಿ, ಅದು ಬೇರು ಬಿಡೋವಾಗ ಯಾರೂ ಇರಂಗಿಲ್ಲ, ನೀ ಇರ್ತಿ. ಕಾಲುವಿಗಿ ನೀರು ಬಂದ್ರೂ ಇರ್ತಿ, ಬರದಿದ್ರೂ ಇರ್ತಿ. ನಮ್ಮವ್ವನ್ನ ಉಳ್ಸು ಅಂತ ನಿನ್ನ ಕೇಳ್ದೆ. ನೀ ಉಳಸ್ಲಿಲ್ಲ. ಆದ್ರೂ ನೀ ಚಂದ ಅದೀ ಅಪ್ಪಾ. ಕೊಟ್ರೂ ಚಂದ, ಕೊಡದಿದ್ರೂ ಚಂದ. ಇದನ್ನ ಹೇಳಾಕ ನನಗ ಇಷ್ಟು ವರ್ಷ ಬೇಕಾತು.”

ಕೈ ಮತ್ತೆ ಚುಂಗಿಗೆ ಹೋಗಿತ್ತು, ಮಾತು ಇನ್ನು ಮೇಲೆ ನೀನು ಎಂದು ಬೇಡುವ ಹಳೆಯ ದಾರಿಗೆ ತಿರುಗಿತ್ತು. ಸರಿಯಾಗಿ ಆಗಲೇ ಮೇಜಿನ ಕೆಳಗೆ ಕಟ್ಟಿದ್ದ ಹುಂಜವೊಂದು ಕತ್ತು ನೀಡಿ ಕೂಗಿತು. ಜನ ಮೆಲ್ಲಗೆ ನಕ್ಕರು. ಗ್ಯಾನಮ್ಮನೂ ಕಣ್ಣು ಮುಚ್ಚಿಯೇ ನಕ್ಕಳು, ಚುಂಗು ಬಿಟ್ಟಳು, ಅಂಗೈ ಮೇಲಕ್ಕೆ ಮಾಡಿದಳು. ಆ ನಗುವಿನ ಹಿಂದೆಯೇ ಒಂದು ಸುಮ್ಮನಿರುವಿಕೆ ಬಂತು ನೋಡಿ. ಅಷ್ಟು ಜನ, ಅಷ್ಟು ಮಕ್ಕಳು, ಒಂದು ಸಪ್ಪಳವಿಲ್ಲ. ಹಿಂದಿನ ಸಾಲಿನಿಂದ ಯಾವುದೋ ಮುದುಕ, ನೀ ಚಂದ ಅದೀ ಅಪ್ಪಾ ಎಂದ. ಇನ್ನೊಂದು ಮೂಲೆಯಿಂದ ಒಬ್ಬಳು ಅದನ್ನೇ ಹೇಳಿದಳು. ಹಾಗೇ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ. ಗ್ಯಾನಮ್ಮನಿಗೆ ತಲೆಯ ಮೇಲೆ ಒಂದು ಕೈಯ ಭಾರ ಬಂದ ಹಾಗಾಯಿತು. ತಾಯಿಯದೋ, ತಾಯಿ ನೋಡಿ ಬರುತ್ತಿದ್ದವನದೋ, ಅವಳು ಕಣ್ಣು ತೆರೆದು ನೋಡಲಿಲ್ಲ. ತೆರೆದರೆ ಹೋಗಿಬಿಟ್ಟೀತು ಎಂಬ ಭಯ.

ಹೋಯಿತು ಕೂಡ. ವಾಕ್ಯ ಓದುವ ಹೊತ್ತಿಗೆ ಶಾಮಿಯಾನ ಶಾಮಿಯಾನವಾಗಿತ್ತು, ಕುಂಬಳಕಾಯಿ ಕುಂಬಳಕಾಯಿಯಾಗಿತ್ತು. ಚಾಪೆಯ ಮೇಲೆ ಕುಳಿತ ಗ್ಯಾನಮ್ಮನಿಗೆ ಆಸೆ ತೀರಿದ ಸಮಾಧಾನವಿರಲಿಲ್ಲ. ಒಂದು ತುತ್ತು ಉಂಡವಳಿಗೆ ಹಸಿವು ಗೊತ್ತಾದ ಹಾಗೆ, ಮೊದಲಿಗಿಂತ ಹೆಚ್ಚಾಗಿತ್ತು ಆಸೆ.

ತಿರುಗಿ ಬರುವಾಗ ಮಸ್ಕಿಯಲ್ಲಿ ಇಳಿದುಕೊಂಡಳು. ಉಳಿದವರು ಯಾಕೆಂದು ಕೇಳಿದರು, ಮುಂದಿನ ಬಸ್ಸಿಗೆ ಬರುತ್ತೇನೆ ಅಂದಳು. ಓಣಿ ದಾಟಿ ಹೋಗಿ ಹಸೀನಾಬೀಯ ಬಾಗಿಲಲ್ಲಿ ನಿಂತಳು. ಹಸೀನಾಬೀ ಅಕ್ಕಿ ಆರಿಸುತ್ತ ಕುಳಿತಿದ್ದಳು. ಕತ್ತೆತ್ತಿ ನೋಡಿದಳು, ತುಟಿಯ ಕೊನೆಯಲ್ಲಿ ನಗು ಹಿಡಿದುಕೊಂಡಳು.

“ಏನ್ ಬೇಕಾಗಿತ್ತವ್ವಾ?”

“ಏನಿಲ್ಲ. ನಿನ್ನ ನೋಡಾಕ ಬಂದೀನಿ.”

“ಹಂಗಾರ ಕುಂದ್ರು,” ಎಂದು ಹಸೀನಾಬೀ ಮೊರ ಸರಿಸಿದಳು.

ಇಬ್ಬರೂ ಹೆಚ್ಚೇನೂ ಮಾತಾಡಲಿಲ್ಲ. ಅಕ್ಕಿ ಆರಿಸಿದರು.

ಗಂಟುಗಳು ಈಗ ಮತ್ತೆ ಬಂದಿವೆ, ಬರದೆ ಇರುತ್ತವೆಯೇ? ಗ್ಯಾನಮ್ಮ ಮನೆಮನೆಗೆ ಹೋಗಿ, ನಿಮ್ಮ ಮಾತು ಏನಿತ್ತು ಇನ್ನೊಮ್ಮೆ ಹೇಳಿರೆಂದು ಕೇಳಿಕೊಂಡು ಬಂದಳು. ಒಂದೆರಡು ಆಗಿಹೋಗಿದ್ದವು, ಹೇಳಲು ಅವರು ಮರೆತಿದ್ದರು. ಆದೆಪ್ಪನ ಸೊಂಟ ಹಾಗೇ ಇದೆ. ಆದರೆ ಗಂಟೆಲ್ಲ ಈಗ ಎಡಗಡೆಯ ಚುಂಗಿಗೆ. ಬಲಗಡೆಯ ಚುಂಗು ಖಾಲಿ. ಎಡಗಡೆ ಜಾಗ ಸಾಲದೆ ಗಂಟಿನ ಮೇಲೆ ಗಂಟು ಕೂತರೂ ಬಲಗಡೆಯದಕ್ಕೆ ಗಂಟು ಹಾಕುವುದಿಲ್ಲ. ಪ್ರಾರ್ಥನೆಗೆ ಕುಳಿತಾಗ ಮೊದಲು ಹಿಡಿಯುವುದು ಮಾತ್ರ ಆ ಖಾಲಿ ಚುಂಗನ್ನೇ. ಎಷ್ಟೋ ದಿನ ಅದು ಬರೀ ಬಟ್ಟೆ. ಹಿಡಿದು ಕುಳಿತಿರುತ್ತಾಳೆ, ಗಂಜಿ ವಾಸನೆಯೂ ಈಗ ಹೋಗಿದೆ, ಏನೂ ಆಗುವುದಿಲ್ಲ. ಆದರೂ ಎಡಗಡೆಗೆ ಅವಸರ ಮಾಡುವುದಿಲ್ಲ. ದೀಪಾ ಈಗ ರೊಟ್ಟಿ ಬಡಿಯಲು ಕಲಿತಿದ್ದಾಳೆ, ಸ್ವಲ್ಪ ದಪ್ಪ, ಖಾನಾವಳಿಯವರು ಗೊಣಗುತ್ತಾರೆ.

ಬೆಳಿಗ್ಗೆ ಟಂಟಂನವನು ಬಂದು ಹಾರ್ನ್ ಹೊಡೆಯುತ್ತಾನೆ. ದೀಪಾ ಬುಟ್ಟಿ ಹೊತ್ತು ಹೊರಗೆ ಬಂದು, ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಒಳಗೆ, ಒಲೆಯಿಂದ ಒಂದು ಮಾರು ದೂರದಲ್ಲಿ, ಅತ್ತೆ ಸೆರಗು ಹೊದ್ದು ಕುಳಿತಿರುವುದು ಬಾಗಿಲ ಸಂದಿಯಲ್ಲಿ ಕಾಣುತ್ತಿರುತ್ತದೆ. ಖಾನಾವಳಿಯವರಿಗೆ ಏನಾದರೂ ಹೇಳುವುದಿದೆಯೋ, ಗ್ಯಾನಮ್ಮನನ್ನು ಕೇಳು ಎನ್ನುತ್ತಾನೆ ಅವನು.

“ಹಾರ್ನ್ ಹೊಡಿಬ್ಯಾಡ ಅಣ್ಣಾ, ಒಂದೀಟು ತಡಿ,” ಎನ್ನುತ್ತಾಳೆ ದೀಪಾ. “ಅತ್ತಿ ನೋಡಾಕ ಹೋಗ್ಯಾರ. ಇನ್ನಾ ಬಂದಿಲ್ಲ.”